ಮಾವನ ಪದಕದ ಗಿಲೀಟು

ನವೆಂಬರ್ ೧೪, ಶನಿವಾರ

ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ! ಇಪ್ಪತ್ತೈದು ವರ್ಷ ನಿಷ್ಠೆಯಿಂದ ದುಡಿದ ಅಧಿಕಾರಿಯೆಂದು ಸೇನೆ ಮಾವನಿಗೆ ಕೊಟ್ಟ ಪದಕವದು. ನಾಳೆ ಅವರ ರೆಜಿಮೆಂಟಿನ ಕೂಟದಲ್ಲಿ ಫಳಫಳ ಹೊಳೆಯಲೆಂದು, ಹೊಸ ಸೊಸೆಯ ಹುಮ್ಮಸ್ಸಿನಲ್ಲಿ, ಪಾತ್ರೆ ಉಜ್ಜುವ ಪುಡಿ ಹಾಕಿ ತಿಕ್ಕಿದೆ. ಚಿನ್ನದ ಗಿಲೀಟೆಲ್ಲ ಬಟ್ಟೆಗೆ ಬಂತು.

"ಅಪ್ಪನಿಗೆ ಕಣ್ಣು ಮಂಜು, ಗೊತ್ತಾಗಲ್ಲ ಬಿಡೇ," ಅಂದ ನನ್ನ ಮುದ್ದು ಗಂಡ. ಕೂಟಕ್ಕೆ ಬರುವವರೆಲ್ಲರ ಕಣ್ಣೂ ಮಂಜೇ?

'ಸಾರಿ' ಎಂದು ನೂರು ಸಲ ಅಭ್ಯಾಸ ಮಾಡಿಕೊಂಡು ಹೋದೆ. ಮಾವ ಪದಕವನ್ನು ಬೆರಳಿನಿಂದ ಸವರುತ್ತಿದ್ದರು. "ಎಷ್ಟು ನುಣ್ಣಗೆ ಮಾಡಿದಾಳೆ ನೋಡೇ!" ಎಂದು ಅತ್ತೆಗೆ ತೋರಿಸಿದರು. ಅತ್ತೆ ಪದಕ ನೋಡಿದರು, ನನ್ನನ್ನು ನೋಡಿದರು, ಅಡುಗೆಮನೆಗೆ ಹೋದರು.

"ನಾಳೆ ನನ್ನ ಕೋಟಿಗೆ ನೀನೇ ಚುಚ್ಚಬೇಕಮ್ಮ," ಎಂದರು ಮಾವ.

ಹೂಂ ಅಂದುಬಿಟ್ಟೆ. ಅಷ್ಟು ಖುಷಿಯಾಗಿದ್ದವರ ಮುಂದೆ ಬೇರೇನು ಹೇಳಲಿ?