ಮೇಷ್ಟ್ರ ನಾಚಿಕೆ

ಡಾಕ್ಟರಮ್ಮ,

ನರ್ಸ್ ಕೈಲಿ ಈ ಚೀಟಿ ಕಳಿಸ್ತಿದ್ದೀನಿ. ಓದಿದ ತಕ್ಷಣ ವಾರ್ಡಿಗೆ ಬಾ ತಾಯಿ.

ಬಿ.ಪಿ. ಇಷ್ಟೊಂದು ಇಳಿದು ಚಳಿ ನಡುಕ ಬಂದಿದೆಯಲ್ಲ, ವಾಂತಿಭೇದಿ ಆಯ್ತಾ, ರಕ್ತ ಹೋಯ್ತಾ, ಮಾತ್ರೆ ಹೆಚ್ಚಾಯ್ತಾ, ಎಲ್ಲಾದರೂ ಗಾಯ ಕೀವಾಗಿದೆಯಾ ಅಂತ ನೀನು ಒಂದೊಂದಾಗಿ ಕೇಳಿದೆ. ನಿಮ್ಮ ಮೇಷ್ಟ್ರು ಎಲ್ಲದಕ್ಕೂ ಇಲ್ಲ ಅಂದರು. ಅವರ ಕಣ್ಣಿಗೆ ಹೆದರಿ ನಾನೂ ಬಾಯಿ ಬಿಡಲಿಲ್ಲ.

ಅವರಿಗೆ ಕೂರೋ ಜಾಗದಲ್ಲಿ ದೊಡ್ಡ ಕುರು ಎದ್ದಿದೆ. ಮೊನ್ನೆ ತಾವೇ ಹಿಸುಕಿಕೊಂಡರು. ಈಗ ಸುತ್ತಲೂ ಕೆಂಪಾಗಿ ಕೆಂಡದ ಹಾಗೆ ಸುಡ್ತಿದೆ. ‘ನನ್ನ ಹತ್ರ ಮಗ್ಗಿ ಕಲಿತ ಹುಡುಗಿ ಮುಂದೆ ಪ್ಯಾಂಟ್ ಬಿಚ್ಚಲೇನೇ? ಪ್ರಾಣ ಹೋದರೂ ಸರಿ’ ಅಂತಾರೆ. ಲೆಕ್ಕದಲ್ಲಿ ಒಂದು ಹಂತ ಮುಚ್ಚಿಟ್ಟರೂ ನಿಮ್ಮೆಲ್ಲರ ಮಾರ್ಕು ಕತ್ತರಿಸ್ತಿದ್ದ ಮನುಷ್ಯ!

ಗಂಡು ಡಾಕ್ಟರು ಯಾರಾದರೂ ಇದ್ದರೆ ಕಳಿಸು. ಇಲ್ಲದಿದ್ದರೆ ನೀನೇ ಬಾ, ನಾನು ಅವರ ಕೈ ಹಿಡ್ಕೋತೀನಿ. ನಾನೇ ಹೇಳಿದ್ದು ಅಂತ ಗೊತ್ತಾಗಿ ಕೂಗಾಡಿದರೆ ಕೂಗಾಡಲಿ, ಅದು ನನಗೇನು ಹೊಸದಲ್ಲ.

ಈಗ ತಾನೇ ಹೊದಿಕೆ ಸರಿಸಿ ಗಾಯ ನೋಡಿದೆ. ಅವರು ನನ್ನ ಬೈಯಲೇ ಇಲ್ಲ. ಓಡಿ ಬಾ.

ನಿಮ್ಮ ಮೇಷ್ಟ್ರ ಮನೆಯವಳು