ಮನೆಗೆ ಮೊದಲನೆಯವಳು

ಜುಲೈ 8, ಸೋಮವಾರ
ಮತ್ತೆ ಅದೇ ಸ್ಟಾಫ್ ರೂಮು, ಆರಿದ ಟೀ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳ ಜೊತೆ ಹೇಗಿರಬೇಕು ಎಂದು ಲೆಕ್ಚರರ್‌ಗಳಿಗೆ ಹೇಳಿಕೊಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕಾರಣ — ನಾನೂ ಅಂಥವಳೇ. ಅಪ್ಪ ಗಾರೆ ಕೆಲಸದವರು. ಪ್ರಿನ್ಸಿಪಾಲರ ಕಣ್ಣಿಗೆ ಅದೇ ಕ್ವಾಲಿಫಿಕೇಷನ್ನು.
ಬಂದವರು ಬೆರಳೆಣಿಕೆ. ಇಂಗ್ಲಿಷ್ ಮೇಡಂ ಫೋನಿನಲ್ಲೇ ಮುಳುಗಿದ್ದರು. ರಿಟೈರ್‌ಮೆಂಟಿನ ಹೊಸ್ತಿಲಲ್ಲಿರುವ ಕೆಮಿಸ್ಟ್ರಿ ಮೇಷ್ಟ್ರು ಮಾತ್ರ ಕಿವಿಗೊಟ್ಟು ಕೇಳಿದರು. ಹೇಳಿದೆ: ಅರ್ಥವಾಗದಿದ್ದರೆ ಕೇಳಬಹುದು ಅನ್ನುವುದೇ ಆ ಮಕ್ಕಳಿಗೆ ಗೊತ್ತಿರುವುದಿಲ್ಲ. ನೀವೇ ಹತ್ತಿರ ಕರೆಯಿರಿ, ಬೆನ್ನು ತಟ್ಟಿ.

ಜುಲೈ 19
ಒಬ್ಬ ಹುಡುಗಿ ಮೊದಲ ಟೆಸ್ಟಿಗೇ ಬಂದಿಲ್ಲ. ಕರೆದು ಕೇಳಿದೆ.
"ಇಂಟರ್ನಲ್ಸ್ ಅಂದ್ರೆ ಹಾಸ್ಟೆಲ್ ಒಳಗಿರೋರಿಗೆ ಮಾತ್ರ ಅಂದ್ಕೊಂಡೆ ಮೇಡಂ."
ನಕ್ಕುಬಿಟ್ಟೆ. ಪುಣ್ಯಕ್ಕೆ ಅವಳೂ ನಕ್ಕಳು. ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾರೆ. ತಂದೆ ಇಲ್ಲ.
ಮೇಷ್ಟ್ರಿಗೆ ಹೇಳಿದೆ. ಅವಳನ್ನು ನನಗೆ ಬಿಡಿ ಅಂದರು.

ಆಗಸ್ಟ್ 2
ಮೀಟಿಂಗಿಗೆ ಮೇಷ್ಟ್ರು, ನಾನು ಇಬ್ಬರೇ. ಅವಳಿಗೆ ಬೇರೆ ಟೆಸ್ಟು ಕೊಟ್ಟರಂತೆ, ಕ್ಲಾಸಿಗೇ ಫಸ್ಟಂತೆ. ಅವರ ಮುಖದಲ್ಲಿ ಮಗುವಿನ ಸಂಭ್ರಮ.

ಆಗಸ್ಟ್ 6
ಇವತ್ತು ಮೇಷ್ಟ್ರು ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿದರಂತೆ. ಮನೆಯಲ್ಲಿ ಯಾರೂ ಓದಿಲ್ಲ, ತಾಯಿ ನೆಲ ಒರೆಸಿ ಸಾಕುತ್ತಿದ್ದಾರೆ, ಆದರೂ ಇವಳೇ ಫಸ್ಟು, ನಿಮಗೇನು ಧಾಡಿ ಎಂದು ಉಳಿದವರನ್ನು ಕೇಳಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಹೇಳುವಾಗ ಅವರ ಕಣ್ಣು ತುಂಬಿತ್ತು.
"ನೀವು ಹೇಳಿದ ಹಾಗೇ ಮಾಡಿದೆ ಮೇಡಂ."
ಅವಳ ಮನೆಯ ವಿಷಯ ಅವರಿಗೆ ಹೇಳಿದ್ದು ನಾನೇ.

ಆಗಸ್ಟ್ 14
ಅಂದಿನಿಂದ ಅವಳ ಪತ್ತೆಯಿಲ್ಲ. ಫೋನ್ ಸ್ವಿಚ್ ಆಫ್. ಗೆಳತಿ ಬಾಯಿಬಿಟ್ಟಳು — ಅಮ್ಮ ನರ್ಸ್ ಎಂದು ಎಲ್ಲರಿಗೂ ಹೇಳಿಕೊಂಡಿದ್ದಳಂತೆ. ಅವತ್ತೇ ಹಿಂದಿನ ಬೆಂಚಿನವರು ಅವಳನ್ನು 'ನರ್ಸಮ್ಮ' ಎಂದು ಕರೆದರಂತೆ.

ಆಗಸ್ಟ್ 18, ಭಾನುವಾರ
ಮೇಷ್ಟ್ರ ಜೊತೆ ಅವಳ ಮನೆಗೆ ಹೋದೆ. ಒಂದೇ ಕೋಣೆ, ನಡುವೆ ಪರದೆ. ತಾಯಿ ನಮ್ಮನ್ನು ಮಂಚದ ಮೇಲೆ ಕೂರಿಸಿ ತಾವು ನಿಂತೇ ಇದ್ದರು. ಮೇಷ್ಟ್ರು ಕ್ಷಮೆ ಕೇಳಲು ಹೋಗಿ ತೊದಲಿದರು.
"ನಾನು ಓದಿಲ್ಲ, ನಿಜ. ನೆಲ ಒರೆಸ್ತೀನಿ, ಅದೂ ನಿಜ" ಅಂದರು ಆಕೆ. "ಅವಳು ಸುಳ್ಳು ಹೇಳಿದ್ಳಲ್ಲ ಅಂತ ನನಗೂ ನೋವಿದೆ. ಅದನ್ನ ನಾವಿಬ್ರೇ ನೋಡ್ಕೋತಿದ್ವಿ ಸಾರ್. ನಿಮಗ್ಯಾಕೆ ಬೇಕಿತ್ತು?"
ದನಿ ಏರಲಿಲ್ಲ. ಪರದೆಯ ಕೆಳಗೆ ಹುಡುಗಿಯ ಪಾದ ಕಾಣುತ್ತಿತ್ತು. ಎಷ್ಟು ಕರೆದರೂ ಈಚೆ ಬರಲಿಲ್ಲ.


ಸೆಪ್ಟೆಂಬರ್ 23
ಅವಳಿಗೆ ಅಟೆಂಡೆನ್ಸ್ ಶಾರ್ಟೇಜು. ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಿನ್ಸಿಪಾಲರ ಕೈಕಾಲು ಹಿಡಿಯುವುದೊಂದು ಬಾಕಿ. ರೂಲ್ಸ್ ಅಂದರು. ಅದೇ ಉಸಿರಿನಲ್ಲಿ, ಇನ್‌ಸ್ಪೆಕ್ಷನ್ ಬರುತ್ತಿದೆ, ನಮ್ಮ ಮೀಟಿಂಗಿನದೊಂದು ಒಳ್ಳೆ ಫೋಟೋ ಬೇಕು ಅಂದರು.
ಮೇಷ್ಟ್ರು ಈಗ ಬೋರ್ಡಿಗೆ ಪಾಠ ಮಾಡುತ್ತಾರೆ. ಹಿಂದೆ ತಿರುಗುವುದೇ ಇಲ್ಲ.

ಅಕ್ಟೋಬರ್ 11
ಬಟ್ಟೆ ಅಂಗಡಿಗೆ ಹೋಗಿದ್ದೆ. ಕೌಂಟರಿನ ಆಚೆ ಅವಳು. ಯೂನಿಫಾರ್ಮು, ಬಿಗಿಯಾಗಿ ಕಟ್ಟಿದ ಕೂದಲು.
"ಏನು ತೋರಿಸ್ಲಿ ಮೇಡಂ?"
ಬೇರೆ ಗಿರಾಕಿಗಳಿಗೆ ಕೇಳುವ ಹಾಗೇ. ಕಣ್ಣಿಗೆ ಬಿದ್ದ ಕಡೆ ಬೆರಳು ತೋರಿಸಿದೆ. ಒಂದರ ಮೇಲೊಂದು ಬಿಚ್ಚಿ ಹರವಿದಳು. ಮುಂದಿನ ವರ್ಷ ವಾಪಸ್ಸು ಬರುತ್ತೀಯಾ ಎಂದು ಮೆಲ್ಲಗೆ ಕೇಳಿದೆ.
"ಇದರಲ್ಲೇ ಬೇರೆ ಬಣ್ಣ ಇದೆ ಮೇಡಂ."
ಪಕ್ಕದಲ್ಲಿ ಅವಳ ವಯಸ್ಸಿನ ಇನ್ನೊಬ್ಬಳು ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಿ, ಇವಳು ನಿಮಗೆ ಮೊದಲೇ ಪರಿಚಯವಾ ಎಂದು ನನ್ನನ್ನು ಕೇಳಿದಳು. ಇಲ್ಲಿ ಅವಳು ತನ್ನ ಬಗ್ಗೆ ಏನು ಹೇಳಿಕೊಂಡಿದ್ದಾಳೋ. ನಾನು ಅವಳ ಟೀಚರ್ ಅಂದರೆ...
ನಮ್ಮ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಲ್ಲಮ್ಮ, ಇವತ್ತೇ ನೋಡ್ತಿರೋದು ಅಂದೆ, ಆ ಬೇರೆ ಬಣ್ಣದ್ದನ್ನು ಕೊಡಲು ಹೇಳಿದೆ.