ಆಯಿಯ ಹೊಲಿಗಿ ಮಷಿನ್ ಗುಜರಿಗೆ ಕೊಡಬ್ಯಾಡ

ಅವ್ವಾ,

ಅಪ್ಪ ಹೇಳಿಕಳಿಸಿದ ಗುಜರಿಯಂವ ಮಧ್ಯಾಹ್ನ ಬಂದ್ರ ಬರಿಗೈಲೆ ಕಳಸು. ಆಯಿಯ ಹೊಲಿಗಿ ಮಷಿನ್ ಸತ್ತಿಲ್ಲ! ಆಯಿ ಕತಿಯಾಗ ರಾಕ್ಷಸನ ಜೀವ ಗಿಣಿಯೊಳಗ ಇರತಿತ್ತಲ್ಲ, ಇದರ ಜೀವ ಎಣ್ಣಿ ಬಿಡೂ ತೂತಿನಾಗ ಇತ್ತು. ಪ್ರತಿ ಖಂಡೇನವಮಿಗೆ ನೀ ಏರಿಸಿದ ಕುಂಕುಮ, ಅಕ್ಕಿಕಾಳು ಅಲ್ಲೇ ಗಟ್ಟಿಯಾಗಿ ಕುಂತಿದ್ವು. ಭಕ್ತೀಲೇ ಅದರ ಉಸಿರು ಕಟ್ಟಿಸಿದ್ದಿ ನೋಡು. ಚಿಮಣಿ ಎಣ್ಣಿ ಹಾಕಿ ಹಳೇ ಬ್ರಷ್‌ಲೆ ತಿಕ್ಕಿದ ಮ್ಯಾಲ ಗಾಲಿ ತಿರಗೇತಿ.

ಸಣ್ಣ ಪಾತೇಲಿಯಾಗಿರೂದು ಆ ಹೊಲಸು ಎಣ್ಣಿ, ಆರಿದ ಚಹಾ ಅಲ್ಲ. ಕಾಸಬ್ಯಾಡ ಮತ್ತ!

ಹೊಲದು ನೋಡೂದ್ರಾಗ ಸೂಜಿ ಮುರದೈತಿ, ಹೊಸಾದು ತರಾಕ ಐನಾಪುರಕ್ಕ ಹೊಂಟೇನಿ. ಅಪ್ಪ, "ಅದೆಲ್ಲಿ ಹೊಲೀತೈತಿ?" ಅಂದ್ರ ವಾದಕ್ಕ ನಿಲ್ಲಬ್ಯಾಡ. ಅವನ ಪಾಯಜಾಮ ಹಾಕ್ಕೊಳ್ಳಾಕ ಕೊಡು. ಪರೀಕ್ಷಾ ಮಾಡಾಕ ಅದೇ ಕೈಗೆ ಸಿಕ್ಕಿತ್ತು. ಎರಡೂ ಕಾಲು ಕೂಡಿ ಹೊಲದ ಹೋಗ್ಯಾವು, ಎಷ್ಟ ಜಗ್ಗಿದ್ರೂ ಬಿಚ್ಚವಲ್ವು.

ಉಜ್ವಲಾ